ಹಾರ್ಮೋನ್ ಟೆಸ್ಟ್‌ಗೆ ರಕ್ತ ಕೊಡುವ ಮುಂಚೆ: ಹೊತ್ತು, ಹೊಟ್ಟೆ, ಮಾತ್ರೆ ಮೂರನ್ನೂ ನೋಡಿಕೊಳ್ಳಿ

"ಅಕ್ಕಾ, ಹೋದ ತಿಂಗಳು ಟಿಎಸ್‌ಎಚ್ ಏಳು ಇತ್ತು, ಈಗ ನಾಲ್ಕೂವರೆ ಬಂದಿದೆ. ಯಾವ ಲ್ಯಾಬ್‌ನವರು ತಪ್ಪು ಮಾಡಿದ್ದಾರೆ?"

ಮುಂಬೈ ಹತ್ತಿರದ ಡೊಂಬಿವಲಿಯ ಲ್ಯಾಬ್ ಒಂದರಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ 17 ವರ್ಷ ಆಯಿತು. ಥೈರಾಯ್ಡ್ ಟೆಸ್ಟ್‌ನಲ್ಲಿ ಬರುವ ಟಿಎಸ್‌ಎಚ್ ಅಂಕಿಯ ಬಗ್ಗೆ ಈ ಪ್ರಶ್ನೆ ಕೇಳದ ವಾರವಿಲ್ಲ. ನಾನು ಕನ್ನಡದವಳು ಅಂತ ಗೊತ್ತಾದರೆ ಸಾಕು, ತೋಳು ಚಾಚಿಕೊಂಡೇ ಕೇಳುತ್ತಾರೆ. ಎಷ್ಟೋ ಸಲ ಯಾವ ಲ್ಯಾಬ್‌ನದ್ದೂ ತಪ್ಪಿರುವುದಿಲ್ಲ. ಮೊದಲ ಸಲ ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಕೊಟ್ಟಿರುತ್ತಾರೆ, ಎರಡನೇ ಸಲ ಮಧ್ಯಾಹ್ನ ಊಟ ಮಾಡಿ ಬಂದು ಕೊಟ್ಟಿರುತ್ತಾರೆ. ಹಾರ್ಮೋನ್ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ರಕ್ತ ಕೊಟ್ಟಿರಿ ಎನ್ನುವುದು ಗೊತ್ತಿಲ್ಲದೆ ಆ ಅಂಕಿಯನ್ನು ಸರಿಯಾಗಿ ಓದುವುದಕ್ಕೆ ಆಗುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಮಾತ್ರೆ ಎಷ್ಟು, ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಕೈಗೆ ಸರಿಯಾದ ರಿಪೋರ್ಟ್ ಹೋಗಬೇಕಾದರೆ ನೀವು ಏನು ಮಾಡಬೇಕು, ಅದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಗ್ರಂಥಿಗಳ ಲೆಕ್ಕ ತಿಳಿದುಕೊಳ್ಳಿ

ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ ಇವಕ್ಕೆಲ್ಲ ಒಂದು ಸಣ್ಣ ಕೊಳವೆ ಇರುತ್ತದೆ. ಆ ಕೊಳವೆಯನ್ನು ನಾಳ ಅನ್ನುತ್ತಾರೆ. ನಿರ್ನಾಳ ಗ್ರಂಥಿಗಳಿಗೆ ಅದಿಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ರಸವೇ ಹಾರ್ಮೋನ್. ಈ ಹೆಸರನ್ನು 1905ರಲ್ಲಿ ಬಳಕೆಗೆ ತಂದವರು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್. ಗ್ರೀಕ್ ಮೂಲದ ಪದ, 'ಎಬ್ಬಿಸು, ಚುರುಕು ಮಾಡು' ಎಂದು ಅರ್ಥ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಿಂದ ಹೊರಟ ಹಾರ್ಮೋನ್ ಹೃದಯ, ಕರುಳು, ಚರ್ಮ ಎಲ್ಲವನ್ನೂ ಮುಟ್ಟುತ್ತದೆ. ಅದಕ್ಕೇ ಥೈರಾಯ್ಡ್ ಕೆಟ್ಟರೆ ಮಲಬದ್ಧತೆಯೂ ಆಗುತ್ತದೆ, ಕೂದಲೂ ಉದುರುತ್ತದೆ.

ಈಗ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲನ್ನು ನೆನಪಿಸಿಕೊಳ್ಳಿ. ಮಾಲೀಕರು ಇದ್ದಾರೆ, ಗಲ್ಲಾದಲ್ಲಿ ಮ್ಯಾನೇಜರ್ ಇದ್ದಾರೆ, ಒಳಗೆ ಕಾವಲಿಯ ಮುಂದೆ ಭಟ್ಟರು ಇದ್ದಾರೆ. ಮಾಲೀಕರು ಅಂದರೆ ಮೆದುಳಿನ ತಳಭಾಗದ ಹೈಪೋಥಲಾಮಸ್. ಅದರ ಕೆಳಗೇ ನೇತಾಡುವ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿಯೇ ಮ್ಯಾನೇಜರ್. ಭಟ್ಟರು ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್. ಅವರು ಹೊಯ್ಯುವ ದೋಸೆ ಟಿ4 ಮತ್ತು ಟಿ3. ಹೆಸರಿನಲ್ಲಿರುವ ಅಂಕಿ ಅದರಲ್ಲಿ ಎಷ್ಟು ಅಯೋಡಿನ್ ಕಣ ಇದೆ ಎನ್ನುವುದನ್ನು ಹೇಳುತ್ತದೆ. ಮೇಜಿಗೆ ತಲುಪಿಸುವ ಸಪ್ಲಾಯರ್ ರಕ್ತ.

ಮೇಜಿಗೆ ದೋಸೆ ಕಡಿಮೆ ಬಂದರೆ ಮ್ಯಾನೇಜರ್ ಕೂಗುತ್ತಾರೆ, "ಭಟ್ರೇ, ಎರಡು ಮಸಾಲೆ, ಬೇಗ!" ಆ ಕೂಗೇ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್. ಭಟ್ಟರ ಕೈ ನಿಧಾನ ಆದಷ್ಟೂ ಕೂಗು ಜೋರಾಗುತ್ತದೆ. ದೋಸೆ ಸಾಕಷ್ಟು ಬಂದರೆ ಮ್ಯಾನೇಜರ್ ಸುಮ್ಮನಾಗುತ್ತಾರೆ. ಡಾಕ್ಟರುಗಳು ಇದನ್ನು ನೆಗೆಟಿವ್ ಫೀಡ್‌ಬ್ಯಾಕ್ ಅನ್ನುತ್ತಾರೆ. ಟಿಎಸ್‌ಎಚ್ ಜಾಸ್ತಿ ಬಂದರೆ "ಥೈರಾಯ್ಡ್ ಜಾಸ್ತಿ ಆಗಿದೆ" ಅಂತ ತುಂಬಾ ಜನ ಹೇಳುತ್ತಾರಲ್ಲ, ಅದು ತಿರುಗುಮುರುಗು. ಕೂಗು ಜಾಸ್ತಿ ಆಗಿದೆ, ಅಂದರೆ ದೋಸೆ ಕಡಿಮೆ ಆಗಿದೆ.

ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್, ಅಂಡಾಶಯ ಮತ್ತು ವೃಷಣದ ಹಾರ್ಮೋನ್‌ಗಳು ನಡೆಯುವುದೂ ಇದೇ ಮ್ಯಾನೇಜರ್ ಕೂಗಿಗೆ. ಮೇದೋಜೀರಕ ಗ್ರಂಥಿ ಮಾತ್ರ ಬೇರೆ ಥರ. ಅದು ರಕ್ತದ ಸಕ್ಕರೆಯನ್ನು ತಾನೇ ಅಳೆಯುತ್ತದೆ. ವಡಾಪಾವ್ ತಿಂದು ಸಕ್ಕರೆ ಏರಿದರೆ ಇನ್ಸುಲಿನ್ ಬಿಡುತ್ತದೆ. ಹೊಟ್ಟೆ ಖಾಲಿಯಾಗಿ ಸಕ್ಕರೆ ಇಳಿದರೆ ಗ್ಲುಕಗಾನ್ ಬಿಟ್ಟು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ತರಿಸುತ್ತದೆ. ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಹಾಗೆಯೇ, ರಕ್ತದ ಕ್ಯಾಲ್ಸಿಯಂ ನೋಡಿಕೊಂಡು ತಾವೇ ಕೆಲಸ ಮಾಡುತ್ತವೆ.

ಏನೇನು ಬೇಕು

ಡಾಕ್ಟರ ಚೀಟಿ, ಹಳೆಯ ರಿಪೋರ್ಟ್‌ಗಳು, ಒಂದು ಸಣ್ಣ ನೋಟ್‌ಬುಕ್. ಜೊತೆಗೆ ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ. 'ಎಲ್ಲ' ಅಂದರೆ ಕೂದಲಿಗೆ, ಉಗುರಿಗೆ, ಗ್ಯಾಸ್‌ಗೆ ಅಂತ ಮೆಡಿಕಲ್‌ನಿಂದ ನೀವೇ ತಂದವೂ ಸೇರಿ. ಹೆಸರು ಬರೆಯುವುದು ಕಷ್ಟ ಅನಿಸಿದರೆ ಸ್ಟ್ರಿಪ್‌ನ ಫೋಟೋ ತೆಗೆದುಕೊಳ್ಳಿ.

ಹಂತ 1: ಯಾವ ಟೆಸ್ಟ್, ಯಾಕೆ ಅಂತ ಕೇಳಿಕೊಳ್ಳಿ

ರಿಯಾಯಿತಿ ಅಂತ ಫುಲ್ ಬಾಡಿ ಪ್ಯಾಕೇಜ್ ಮಾಡಿಸಬೇಡಿ. ಹತ್ತಾರು ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಎಲ್ಲೋ ಒಂದೆರಡು ಅಂಕಿ ಗೆರೆ ದಾಟಿಯೇ ದಾಟುತ್ತವೆ. ಆಮೇಲೆ ಅದರ ಹಿಂದೆ ಓಡಾಟ. ಏನು ತೊಂದರೆ ಆಗುತ್ತಿದೆ ಎನ್ನುವುದನ್ನು ಡಾಕ್ಟರಿಗೆ ಹೇಳಿ, ಅವರು ಬರೆದಷ್ಟೇ ಮಾಡಿಸಿ.

ಇನ್ನೊಂದು ಗಮನಿಸಿ. 'ಥೈರಾಯ್ಡ್ ಪ್ರೊಫೈಲ್' ಅಂದರೆ ಸಾಮಾನ್ಯವಾಗಿ ಟೋಟಲ್ ಟಿ3, ಟೋಟಲ್ ಟಿ4, ಟಿಎಸ್‌ಎಚ್. ರಕ್ತದಲ್ಲಿರುವ ಟಿ4 ಬಹುಪಾಲು ಪ್ರೋಟೀನ್‌ಗೆ ಅಂಟಿಕೊಂಡೇ ಇರುತ್ತದೆ. ಅಂಟಿಕೊಳ್ಳದೆ ಬಿಡಿಯಾಗಿರುವ ಸ್ವಲ್ಪ ಭಾಗ ಮಾತ್ರ ಕೆಲಸ ಮಾಡುತ್ತದೆ. ಅದು ಫ್ರೀ ಟಿ4. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಆ ಪ್ರೋಟೀನ್ ಜಾಸ್ತಿ ಆಗುತ್ತದೆ. ಆಗ ಗ್ರಂಥಿ ಸರಿ ಇದ್ದರೂ ಟೋಟಲ್ ಟಿ4 ಏರುತ್ತದೆ. ನಿಮ್ಮ ಚೀಟಿಯಲ್ಲಿ ಟೋಟಲ್ ಇದೆಯೋ ಫ್ರೀ ಇದೆಯೋ ನೋಡಿ, ಅದನ್ನೇ ಮಾಡಿಸಿ.

ಹಂತ 2: ಹೊತ್ತು ಗೊತ್ತು ಮಾಡಿಕೊಳ್ಳಿ

ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ಟಿಎಸ್‌ಎಚ್ ರಾತ್ರಿ ಹೊತ್ತು ಏರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಸಲ ಬೆಳಗ್ಗೆ ಏಳಕ್ಕೆ ಕೊಟ್ಟರೆ ಪ್ರತಿ ಸಲವೂ ಏಳರ ಆಸುಪಾಸಿನಲ್ಲೇ ಕೊಡಿ. ಲೋಕಲ್ ಹಿಡಿಯುವ ಅವಸರ ಇದ್ದರೆ ಶನಿವಾರವೋ ರಜೆಯ ದಿನವೋ ಇಟ್ಟುಕೊಳ್ಳಿ.

ಕಾರ್ಟಿಸಾಲ್ ಬೆಳಗ್ಗೆ ಎಂಟರ ಸುಮಾರಿಗೆ ಮೇಲಿರುತ್ತದೆ, ಮಧ್ಯರಾತ್ರಿಗೆ ತಳ ಮುಟ್ಟುತ್ತದೆ. ನಮ್ಮನ್ನು ಬೆಳಗ್ಗೆ ಎಬ್ಬಿಸಿ ಓಡಾಡಿಸುವ ಹಾರ್ಮೋನ್ ಅದು. ಚೀಟಿಯಲ್ಲಿ 'ಎಂಟು ಗಂಟೆ' ಅಂತ ಬರೆದಿದ್ದರೆ ಎಂಟಕ್ಕೇ ಬನ್ನಿ, ಹನ್ನೊಂದಕ್ಕೆ ಬಂದರೆ ಆ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಪಾಳಿಯವರು ಇಲ್ಲಿ ವಿಶೇಷ ಗಮನ ಕೊಡಬೇಕು. ಬಾರ್‌ನಲ್ಲಿ ಕೆಲಸ ಮುಗಿಸಿ ಬೆಳಗಿನ ಜಾವ ಮಲಗುವವರು, ಕಾಲ್ ಸೆಂಟರ್‌ನವರು, ಸೆಕ್ಯೂರಿಟಿಯವರು. ನಿಮ್ಮ ದೇಹದ ಗಡಿಯಾರ ಬೇರೆ ಹೊತ್ತಿಗೆ ಹೊಂದಿಕೊಂಡಿರಬಹುದು. ಯಾವಾಗ ಮಲಗಿ ಯಾವಾಗ ಏಳುತ್ತೀರಿ ಎನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಅವರು ಕೇಳದಿದ್ದರೂ ಹೇಳಿ.

ಟೆಸ್ಟೋಸ್ಟೆರಾನ್ ಗಂಡಸರಲ್ಲಿ ಬೆಳಗ್ಗೆ ಜಾಸ್ತಿ. ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ಕೊಡಿ. ಕಡಿಮೆ ಬಂದರೆ ಇನ್ನೊಂದು ಬೆಳಗ್ಗೆ ಮತ್ತೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಉತ್ಪತ್ತಿ ಮಾಡಿಸುವ ಹಾರ್ಮೋನ್, ನಿದ್ದೆಯಲ್ಲಿ ಏರಿರುತ್ತದೆ. ಎದ್ದು ಎರಡು ಮೂರು ಗಂಟೆ ಆದ ಮೇಲೆ ಕೊಡಿ.

ಮುಟ್ಟಿನ ತೊಂದರೆಗೆ, ಮಕ್ಕಳಾಗಲಿಲ್ಲ ಅಂತ ಮಾಡಿಸುವ, ಪಿಟ್ಯುಟರಿ ಅಂಡಾಶಯಕ್ಕೆ ಕೂಗುವ ಹಾರ್ಮೋನ್‌ಗಳಾದ ಎಫ್‌ಎಸ್‌ಎಚ್, ಎಲ್‌ಎಚ್ ಟೆಸ್ಟ್‌ಗಳಿಗೆ ಗಂಟೆಗಿಂತ ದಿನ ಮುಖ್ಯ. ಮುಟ್ಟು ಶುರುವಾದ ದಿನವನ್ನು ಒಂದು ಅಂತ ಎಣಿಸಿ, ಸಾಮಾನ್ಯವಾಗಿ ಎರಡು ಅಥವಾ ಮೂರನೇ ದಿನ ತೆಗೆಯುತ್ತಾರೆ. ಅಂಡ ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟೆರಾನ್ ನೋಡುವುದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ. 'ಇಪ್ಪತ್ತೊಂದನೇ ದಿನ' ಅಂತ ಹೇಳುವುದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರ ಲೆಕ್ಕ. ನಿಮ್ಮದು 35 ದಿನದ ಚಕ್ರವಾದರೆ ಇಪ್ಪತ್ತೊಂದಕ್ಕೆ ಹೋಗಿ ಪ್ರಯೋಜನ ಇಲ್ಲ.

ಹಂತ 3: ಹೊಟ್ಟೆ ಮತ್ತು ಮಾತ್ರೆ

ಥೈರಾಯ್ಡ್ ಟೆಸ್ಟ್‌ಗೆ ಉಪವಾಸ ಕಡ್ಡಾಯ ಅಲ್ಲ. ಆದರೆ ತಿಂದ ಮೇಲೆ ಟಿಎಸ್‌ಎಚ್ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಪ್ರತಿ ಸಲ ಒಂದೇ ರೀತಿ ಇರಲಿ, ಖಾಲಿ ಹೊಟ್ಟೆ ಅಂದರೆ ಪ್ರತಿ ಸಲವೂ ಖಾಲಿ ಹೊಟ್ಟೆ.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಅವತ್ತಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ರಕ್ತದಲ್ಲಿ ಟಿ4 ತಾತ್ಕಾಲಿಕವಾಗಿ ಏರಿರುತ್ತದೆ. ಮಾತ್ರೆಯನ್ನು ಲ್ಯಾಬ್‌ಗೇ ತನ್ನಿ, ಹತ್ತಿ ಒತ್ತಿ ಹಿಡಿದುಕೊಂಡೇ ನೀರು ಕುಡಿದು ನುಂಗಿ. ಟೆಸ್ಟ್ ಇದೆ ಅಂತ ಮೂರು ದಿನ ಮುಂಚೆಯೇ ನಿಲ್ಲಿಸಬೇಡಿ.

ಬಯೋಟಿನ್ ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಕೂದಲು ಉದುರುವುದಕ್ಕೆ ಕೊಡುವ ವಿಟಮಿನ್ ಅದು, ಬಿ7. ಎಷ್ಟೋ ಲ್ಯಾಬ್‌ಗಳ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್‌ನ ಅಂಟುವ ಗುಣವನ್ನೇ ಬಳಸುತ್ತವೆ. ನಿಮ್ಮ ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಯಂತ್ರ ಮೋಸ ಹೋಗುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ತೋರಿಸುತ್ತದೆ. ಮುಲುಂಡಿನ ಒಬ್ಬರು ಅಮ್ಮನಿಗೆ ಹೀಗೇ ಆಯಿತು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ರಿಪೋರ್ಟ್. ಎದೆ ಬಡಿತ, ಕೈ ನಡುಕ ಒಂದೂ ಇಲ್ಲ. ಕೂದಲಿನ ಮಾತ್ರೆ ಒಂದು ವಾರ ನಿಲ್ಲಿಸಿ ಮತ್ತೆ ಮಾಡಿಸಿದರು, ಎಲ್ಲ ಸರಿ ಬಂತು. ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು, ದೊಡ್ಡ ಡೋಸ್ ಆದರೆ ಇನ್ನೂ ಮುಂಚೆ.

ಗ್ಯಾಸ್ ಮಾತ್ರೆಯೂ ಹಾಗೆಯೇ. ತುಂಬಾ ಜನ ತಗೊಳ್ಳುವ ಅಸಿಡಿಟಿ ಕ್ಯಾಪ್ಸೂಲ್‌ಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಹೆಸರಿನ ಕೊನೆಯಲ್ಲಿ 'ಡಿ' ಅಥವಾ 'ಡಿಎಸ್‌ಆರ್' ಇದ್ದರೆ ಸ್ಟ್ರಿಪ್‌ನ ಹಿಂದೆ ಓದಿ ನೋಡಿ.

ಸಕ್ಕರೆ ಟೆಸ್ಟ್‌ಗೆ ಎಂಟು ಗಂಟೆ ಉಪವಾಸ. ಚಹಾ, ಬಿಸ್ಕತ್ತು ಎರಡೂ ಬೇಡ, ನೀರು ಕುಡಿಯಬಹುದು. ಊಟದ ನಂತರದ ಟೆಸ್ಟ್‌ನ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿಂದಲ್ಲ. ಅವತ್ತು ಮಾತ್ರ ಎರಡೇ ಚಪಾತಿ ತಿಂದು ಬರುವವರಿದ್ದಾರೆ. ಹಾಗೆ ಮಾಡಿದರೆ ಅಂಕಿ ಚೆನ್ನಾಗಿ ಬರುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ದಿನವೂ ತಿನ್ನುವ ಊಟವನ್ನೇ ಮಾಡಿ.

ಹಂತ 4: ಕುರ್ಚಿಯಲ್ಲಿ ಕೂತ ಮೇಲೆ

ಸೇತುವೆ ಹತ್ತಿ, ಪ್ಲಾಟ್‌ಫಾರಂ ದಾಟಿ, ಏದುಸಿರು ಬಿಡುತ್ತಾ ಬಂದವರು ಮೊದಲು ಕಾಲು ಗಂಟೆ ಕೂತುಕೊಳ್ಳಿ. ಪ್ರೊಲ್ಯಾಕ್ಟಿನ್, ಕಾರ್ಟಿಸಾಲ್ ಎರಡೂ ಗಾಬರಿಗೆ, ದಣಿವಿಗೆ ಏರುತ್ತವೆ. ಸೂಜಿ ಕಂಡರೆ ಹೆದರಿಕೆ ಇದ್ದರೆ ಹೇಳಿಬಿಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮಲಗಿಸಿ ತೆಗೆಯುತ್ತೇವೆ.

ಟ್ಯೂಬ್‌ಗಳ ಮುಚ್ಚಳ ನೋಡಿ. ಹಾರ್ಮೋನ್‌ಗೆ ಸಾಮಾನ್ಯವಾಗಿ ಹಳದಿ, ಸಕ್ಕರೆಗೆ ಬೂದು, ಮೂರು ತಿಂಗಳ ಸಕ್ಕರೆಗೆ ನೇರಳೆ. ಹಳದಿ ಟ್ಯೂಬ್‌ನ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಬೇಕು. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪೆಲ್ಲ ಕೆಳಗೆ ಇಳಿದು, ನಡುವೆ ಜೆಲ್ ಕೂತು, ಮೇಲೆ ಎಳ್ಳೆಣ್ಣೆ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಂ. ಟೆಸ್ಟ್ ಆಗುವುದು ಅದರಲ್ಲೇ. ಕರಿದ ತಿಂಡಿ ತಿಂದು ಬಂದವರ ತಿಳಿ ಎಷ್ಟೋ ಸಲ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಿರುತ್ತದೆ. ಆಗ ಕೆಲವು ಅಂಕಿಗಳು ಏರುಪೇರಾಗುತ್ತವೆ.

ಲೇಬಲ್ ನಿಮ್ಮ ಕಣ್ಣೆದುರಿಗೇ ಅಂಟಿಸಬೇಕು. ಹೆಸರು, ವಯಸ್ಸು ಓದಿ ನೋಡಿ. ಮನೆಗೆ ಬಂದು ರಕ್ತ ತೆಗೆಯುವವರ ಬಳಿ ತಂಪು ಡಬ್ಬಿ ಇದೆಯಾ ಕೇಳಿ. ಮೇ ತಿಂಗಳ ಬಿಸಿಲಿನಲ್ಲಿ ಟ್ಯೂಬ್ ಜೇಬಿನಲ್ಲಿಟ್ಟುಕೊಂಡು ಹತ್ತು ಮನೆ ಸುತ್ತಬಾರದು. ಇದನ್ನು ಕೇಳುವ ಹಕ್ಕು ನಿಮಗಿದೆ.

ಹಂತ 5: ರಿಪೋರ್ಟ್ ಓದುವುದು

ಟಿಎಸ್‌ಎಚ್‌ಗೆ ದೊಡ್ಡವರಲ್ಲಿ ಸುಮಾರು 0.4ರಿಂದ 4.0 ಅಥವಾ 4.5ರವರೆಗೆ ಸರಿ ಅನ್ನುತ್ತಾರೆ. ನಿಮ್ಮ ಲ್ಯಾಬ್ ಪಕ್ಕದಲ್ಲಿ ಕೊಟ್ಟಿರುವ ಮಿತಿಯನ್ನೇ ನೋಡಿ. ಗರ್ಭಿಣಿಯರ ಮಿತಿ ಬೇರೆ, ಅವರು ಈ ಅಂಕಿಗೆ ಹೋಲಿಸಿಕೊಳ್ಳಬಾರದು.

ಟಿಎಸ್‌ಎಚ್ ಜಾಸ್ತಿ, ಫ್ರೀ ಟಿ4 ಕಡಿಮೆ: ಭಟ್ಟರ ಕೈ ಸೋತಿದೆ. ಇದು ಹೈಪೋಥೈರಾಯ್ಡ್. ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಜಾಸ್ತಿ: ಮ್ಯಾನೇಜರ್ ಬಾಯಿ ಮುಚ್ಚಿದರೂ ಭಟ್ಟರು ದೋಸೆ ಹೊಯ್ಯುತ್ತಲೇ ಇದ್ದಾರೆ. ಇದು ಹೈಪರ್. ಟಿಎಸ್‌ಎಚ್ ಸ್ವಲ್ಪ ಏರಿ, ಹತ್ತರೊಳಗೇ ಇದ್ದು, ಫ್ರೀ ಟಿ4 ಸರಿ ಇದ್ದರೆ ಡಾಕ್ಟರುಗಳು ಎಷ್ಟೋ ಸಲ ಮಾತ್ರೆ ಬರೆಯುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಜ್ವರ ಬಂದು ಎದ್ದ ಮೇಲೂ ಕೆಲ ದಿನ ಹೀಗೆ ಏರಿರಬಹುದು. ಆಗ "ಡಾಕ್ಟರು ಔಷಧಿಯನ್ನೇ ಕೊಡಲಿಲ್ಲ" ಅಂತ ಬೇಜಾರು ಮಾಡಿಕೊಳ್ಳಬೇಡಿ.

ಟಿಎಸ್‌ಎಚ್ ಕಡಿಮೆ ಅಥವಾ ಸರಿ ಇದ್ದು, ಫ್ರೀ ಟಿ4 ಕೂಡ ಕಡಿಮೆ ಬಂದರೆ ಸುಮ್ಮನೆ ಬಿಡಬೇಡಿ. ದೋಸೆ ಇಲ್ಲ, ಮ್ಯಾನೇಜರ್ ಕೂಗುತ್ತಲೂ ಇಲ್ಲ. ತೊಂದರೆ ಪಿಟ್ಯುಟರಿಯಲ್ಲೇ ಇರಬಹುದು. ಟಿಎಸ್‌ಎಚ್ ಒಂದನ್ನೇ ನೋಡಿದರೆ ಇದು ಕಾಣುವುದಿಲ್ಲ.

ಸಕ್ಕರೆಯ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ಯಾಕೆಂದರೆ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. 5.7ಕ್ಕಿಂತ ಕಡಿಮೆ ಸರಿ, 6.5 ಮತ್ತು ಮೇಲೆ ಡಯಾಬಿಟಿಸ್, ನಡುವಿನದು ಎಚ್ಚರಿಕೆ. ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ಇದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತ ಹೋಗಿದ್ದರೆ, ರಕ್ತ ಕೊಡಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬಾ ಕಾಣುತ್ತೇನೆ. ಹಿಮೊಗ್ಲೋಬಿನ್ ರಿಪೋರ್ಟನ್ನೂ ಜೊತೆಗೆ ತೋರಿಸಿ.

ಹಂತ 6: ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ

ಮಾತ್ರೆ ಅಂದರೆ ಹೊರಗಿನಿಂದ ತರಿಸಿದ ದೋಸೆ. ಮ್ಯಾನೇಜರ್ ಅದನ್ನೂ ಎಣಿಸುತ್ತಾರೆ, ಕೂಗು ಇಳಿಯುತ್ತದೆ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಫಿಲ್ಟರ್ ಕಾಫಿಯೂ ಬೇಡ! ಕಾಫಿ ಕುಡಿದರೆ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿ ಇಲ್ಲದೆ ಏಳುವುದೇ ಇಲ್ಲ ಅನ್ನುವವರ ಕಷ್ಟ ನನಗೆ ಗೊತ್ತು. ಮಾತ್ರೆ, ನೀರಿನ ಲೋಟ ಹಾಸಿಗೆಯ ಪಕ್ಕ ಇಟ್ಟುಕೊಂಡು, ಎದ್ದ ತಕ್ಷಣ ನುಂಗಿ, ಸ್ನಾನ ಮುಗಿಸಿ ಕಾಫಿ ಕುಡಿಯಿರಿ. ಅದೂ ಆಗದಿದ್ದರೆ ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಮಳೆಗಾಲದಲ್ಲಿ ಮುಂಬೈಯ ತೇವಕ್ಕೆ ಮಾತ್ರೆ ಮೆತ್ತಗಾಗುತ್ತದೆ. ನೂರು ಮಾತ್ರೆಯ ಬಾಟಲಿಯ ಮುಚ್ಚಳ ಗಟ್ಟಿ ಮಾಡಿ, ಕಿಟಕಿ ಕಟ್ಟೆಯ ಮೇಲೆ, ಅಡುಗೆಮನೆಯಲ್ಲಿ ಇಡಬೇಡಿ.

ಡೋಸ್ ಬದಲಾದ ಮೇಲೆ ಹದಿನೈದೇ ದಿನಕ್ಕೆ ಟೆಸ್ಟ್‌ಗೆ ಬರಬೇಡಿ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು ಏಳು ದಿನ ಬೇಕು, ಅದಕ್ಕೆ ಪಿಟ್ಯುಟರಿ ಹೊಂದಿಕೊಳ್ಳುವುದು ಇನ್ನೂ ನಿಧಾನ. ಆರರಿಂದ ಎಂಟು ವಾರ ಬಿಡಿ.

ಉಪ್ಪಿನ ವಿಷಯ ಒಂದು ಮಾತು. ಥೈರಾಯ್ಡ್‌ಗೆ ಅಯೋಡಿನ್ ಬೇಕೇ ಬೇಕು, ಇಲ್ಲದಿದ್ದರೆ ಗ್ರಂಥಿ ಊದಿಕೊಂಡು ಗಳಗಂಡ ಆಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ 1962ರಿಂದ ಉಪ್ಪಿಗೆ ಅಯೋಡಿನ್ ಬೆರೆಸುವ ರಾಷ್ಟ್ರೀಯ ಕಾರ್ಯಕ್ರಮ ನಡೆಯುತ್ತಿದೆ. ಈಗ ಎಲ್ಲರೂ ಸೈಂಧವ ಲವಣ ಒಳ್ಳೆಯದು ಅಂತ ಅದನ್ನೇ ಬಳಸುತ್ತಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ, ಮನೆಯಲ್ಲಿ ಬಸುರಿ ಇದ್ದರಂತೂ ಖಂಡಿತ.

ಹಂತ 7: ಟೆಸ್ಟ್‌ಗೆ ಕಾಯದೆ ಆಸ್ಪತ್ರೆಗೆ ಓಡಬೇಕಾದಾಗ

ದಮ್ಮು, ಕೀಲುನೋವಿಗೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಗೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ಬರುತ್ತಿದೆ ಅಂತ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿರುತ್ತದೆ, ತಕ್ಷಣ ಏಳುವುದಿಲ್ಲ. ನಿಲ್ಲಿಸಿದ ಮೇಲೆ ವಾಂತಿ, ವಿಪರೀತ ಸುಸ್ತು, ಬಿಪಿ ಇಳಿದು ತಲೆಸುತ್ತು ಬಂದರೆ ಅದು ಜೀವಕ್ಕೆ ಅಪಾಯ. ಡಯಾಬಿಟಿಸ್ ಇದ್ದವರಿಗೆ ವಾಂತಿಯ ಜೊತೆ ಉಸಿರು ಜೋರಾದರೂ ಅಷ್ಟೇ ತುರ್ತು. ಸಕ್ಕರೆ 70ಕ್ಕಿಂತ ಇಳಿದು ಬೆವರು, ನಡುಕ ಬಂದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ.

ತುರ್ತಲ್ಲದ ತೊಂದರೆಗೆ ಖಾಸಗಿ ತಜ್ಞರ ಫೀಸು ಭಾರ ಅನಿಸಿದರೆ ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಎಂಡೋಕ್ರೈನಾಲಜಿ, ಅಂದರೆ ನಿರ್ನಾಳ ಗ್ರಂಥಿಗಳ ವಿಭಾಗ ಇದೆ. ವಾರದ ಯಾವ ದಿನ ಓಪಿಡಿ (ಹೊರರೋಗಿ ವಿಭಾಗ) ಎನ್ನುವುದನ್ನು ಮೊದಲು ವಿಚಾರಿಸಿ, ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಮರಾಠಿ, ಹಿಂದಿ ಸರಿಯಾಗಿ ಬಾರದ ಹಿರಿಯರನ್ನು ಒಬ್ಬರೇ ಕಳಿಸಬೇಡಿ.

ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. ಪ್ರತಿ ಟೆಸ್ಟ್‌ಗೂ ಒಂದು ಸಾಲು ಸಾಕು: ತಾರೀಕು, ರಕ್ತ ಕೊಟ್ಟ ಗಂಟೆ, ತಿಂದಿದ್ದಿರಾ ಇಲ್ಲವಾ, ಅವತ್ತು ನುಂಗಿದ ಮಾತ್ರೆ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ, ಹೆಣ್ಣುಮಕ್ಕಳಾದರೆ ಮುಟ್ಟಿನ ಎಷ್ಟನೇ ದಿನ, ಕೊನೆಗೆ ಲ್ಯಾಬ್‌ನ ಹೆಸರು ಮತ್ತು ಬಂದ ಅಂಕಿ.